ಕಾಲು ಮಿಷನ್: ಭಾರ ಎಲ್ಲಿದೆ ಎಂದು ಹುಡುಕುವ ಬಗೆ

ಹಳೆಯ ಕಾಲು ಮಿಷನ್ ನೋಡಲು ಹೋದಾಗ ನಾನು ಮಾಡುವ ಮೊದಲ ಕೆಲಸ ಬೆಲ್ಟ್ ಕಳಚುವುದು. ಹೊಲಿಗೆ ಮಿಷನ್ ಅಂದರೆ ನಿಜಕ್ಕೂ ಎರಡು ಯಂತ್ರ: ಕೆಳಗೆ ಸ್ಟ್ಯಾಂಡು, ಮೇಲೆ ಹೆಡ್ಡು. ಬೆಲ್ಟ್ ಇದ್ದಂತೆಯೇ ತುಳಿದು ನೋಡಿದರೆ ಕಾಲಿಗೆ ಭಾರ ಅನ್ನಿಸುತ್ತದೆಯೇ ಹೊರತು ಆ ಭಾರ ಯಾವುದರದ್ದು ಎಂದು ತಿಳಿಯುವುದಿಲ್ಲ. ಬೆಲ್ಟ್ ತೆಗೆದು ಬರೀ ಪೆಡಲ್ ತುಳಿದು ಕಾಲೆತ್ತಿ. ದೊಡ್ಡ ಚಕ್ರ ಏಳೆಂಟು ಸುತ್ತಾದರೂ ತಾನಾಗಿ ತಿರುಗಬೇಕು, ಅಡ್ಡಡ್ಡ ಓಲಾಡಬಾರದು. ಆಮೇಲೆ ಮೇಲಿನ ಕೈಚಕ್ರವನ್ನು ಒಂದೇ ಬೆರಳಲ್ಲಿ ನಿಮ್ಮ ಕಡೆಗೆ ತಿರುಗಿಸಿ. ಇವೆರಡರಲ್ಲಿ ಯಾವುದು ಬಿಗಿಯೋ ರಿಪೇರಿ ಅಲ್ಲಿ.

ಇಂಥ ಮಿಷನ್‌ಗಳು ಸಿಗುವುದು ನೆಂಟರ ಅಟ್ಟದಲ್ಲಿ, ಗುಜರಿ ಅಂಗಡಿಯಲ್ಲಿ, ಬೆಂಗಳೂರಿನ ಸಂಡೇ ಬಜಾರಿನಲ್ಲಿ. ಎಲ್ಲಕ್ಕಿಂತ ಒಳ್ಳೆಯ ಜಾಗ ಮೋಟಾರಿನ ಜೂಕಿ ಮಿಷನ್‌ಗೆ ಬದಲಾದ ಟೈಲರ್ ಅಂಗಡಿಯ ಮೂಲೆ, ಯಾಕೆಂದರೆ ಅಲ್ಲಿ ನಿತ್ಯ ಎಣ್ಣೆ ಕಂಡಿರುತ್ತದೆ. ಈಗ ಸ್ಟ್ಯಾಂಡನ್ನು ಬೇರೆ ಮಾಡಿ ಹೋಟೆಲ್ ಟೇಬಲ್ಲಿಗೆ ಮಾರುವವರೂ ಇದ್ದಾರೆ. ಅದಕ್ಕೇ ಹೆಡ್ಡು, ಸ್ಟ್ಯಾಂಡು, ಹಲಗೆ ಮೂರೂ ಒಂದಕ್ಕೊಂದು ಕೂರುತ್ತವೆಯೇ, ಹಿಂದಿನ ಎರಡು ಕೀಲು ಹಿಡಿದು ಹೆಡ್ಡನ್ನು ಪೂರ್ತಿ ಹಿಂದಕ್ಕೆ ಮಗುಚಬಹುದೇ ಎಂದು ನೋಡಿಯೇ ದುಡ್ಡು ಕೊಡಿ. ಸ್ಟ್ಯಾಂಡು ಬೀಡು ಕಬ್ಬಿಣದ್ದು. ಸೀಳಿದ್ದರೆ ವೆಲ್ಡಿಂಗ್ ಸರಿಯಾಗಿ ಹಿಡಿಯುವುದು ಕಷ್ಟ, ಅದನ್ನು ಬಿಟ್ಟುಬಿಡಿ.

ಉಷಾ, ಮೆರಿಟ್, ಸಿಂಗರ್, ರೀಟಾ ಎಂಬ ಹೆಸರಿಗಿಂತ ಬಾಬಿನ್ (ಕೆಳದಾರದ ಉರುಳೆ) ಯಾವ ಬಗೆಯದು ಎನ್ನುವುದು ಮುಖ್ಯ. ಎಡಬದಿಯಿಂದ ಬಾಬಿನ್ ಕೇಸ್ ತೂರಿಸುವ, ದುಂಡು ಬಾಬಿನ್ನಿನ ಮಿಷನ್ ಆದರೆ ಅದು ಸಿಂಗರ್ 15ರ ಮಾದರಿ. ಅದರ ಶಟಲ್ (ಮೇಲಿನ ದಾರವನ್ನು ಕೆಳದಾರದ ಸುತ್ತ ಹಾಯಿಸುವ ಭಾಗ), ಕೇಸ್, ಬಾಬಿನ್ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತವೆ. ಲೂಧಿಯಾನದಲ್ಲಿ ಇವನ್ನು ರಾಶಿ ರಾಶಿ ತಯಾರಿಸುತ್ತಾರೆ. ದೋಣಿಯಂಥ ಶಟಲ್, ಕಡ್ಡಿಯಂಥ ಉದ್ದ ಬಾಬಿನ್ ಇರುವ ತೀರ ಹಳೆಯ ಸಿಂಗರ್ ಕೂಡ ಚೆನ್ನಾಗಿಯೇ ಹೊಲಿಯುತ್ತದೆ, ಆದರೆ ಆ ದೋಣಿ ಕಳೆದುಹೋಗಿದ್ದರೆ ದಿನಬಳಕೆಗೆ ಕೊಳ್ಳಬೇಡಿ. ಸೂಜಿ ಹಿಡಿಯುವ ದಂಡವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ, ಟಕ್ ಟಕ್ ಅಂದರೆ ಸವೆದಿದೆ. ಬಟ್ಟೆ ತಳ್ಳುವ ಹಲ್ಲಿನ ಮೇಲೆ ಉಗುರು ಎಳೆದು ನೋಡಿ. ತರಚಬೇಕು.

ಅಲ್ಲಾಡದೆ ಹಿಡಿದುಕೊಂಡ ಮಿಷನ್ ಕಂಡು ಹೆದರಬೇಕಿಲ್ಲ, ಕಡಿಮೆ ಬೆಲೆಗೆ ಸಿಗುವುದೇ ಅಂಥದ್ದು. ಅದರಲ್ಲಿ ಸಾಮಾನ್ಯವಾಗಿ ಏನೂ ಮುರಿದಿರುವುದಿಲ್ಲ, ಒಳಗೆ ಎಣ್ಣೆ ಒಣಗಿ ಅಂಟಾಗಿರುತ್ತದೆ. ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ಕೊಬ್ಬರಿ ಎಣ್ಣೆ. ಮನೆಯಲ್ಲಿ ಕೈಗೆ ಸಿಗುವುದು ಅದೇ, ಹಾಕಿದ ದಿನ ಮಿಷನ್ ಹಗುರಾಗಿಯೂ ಓಡುತ್ತದೆ. ಚಳಿಗಾಲಕ್ಕೆ ಹೆಪ್ಪುಗಟ್ಟುತ್ತದೆ, ವರ್ಷಗಳು ಕಳೆದಂತೆ ದೂಳಿನ ಜೊತೆ ಸೇರಿ ಜೇನುಮೇಣದ ಬಣ್ಣದ ಪದರವಾಗುತ್ತದೆ. ಉಗುರಿನಿಂದ ಕೆರೆದರೆ ಸುರುಳಿ ಸುರುಳಿಯಾಗಿ ಏಳುತ್ತದೆ.

ಇದಕ್ಕೆ ಸೀಮೆಎಣ್ಣೆಯೇ ಮದ್ದು. ಹೆಡ್ಡನ್ನು ಸ್ಟ್ಯಾಂಡಿನಿಂದ ಎತ್ತಿ ಹಳೆಯ ತಟ್ಟೆಯ ಮೇಲಿಟ್ಟು, ಎಣ್ಣೆ ಹಾಕುವ ಪ್ರತಿ ತೂತಿಗೂ, ಲೋಹಕ್ಕೆ ಲೋಹ ಉಜ್ಜುವ ಪ್ರತಿ ಸಂದಿಗೂ ನಾಲ್ಕೈದು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಹತ್ತಿರ ಒಲೆ, ದೀಪ ಇರಬಾರದು. ಬೆಳಿಗ್ಗೆ ಕೈಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಸ್ವಲ್ಪಸ್ವಲ್ಪವೇ ಅಲುಗಿಸಿ. ಸುತ್ತಿಗೆ ಮುಟ್ಟಬೇಡಿ, ಇಕ್ಕಳ ಹಾಕಿ ತಿರುಚಬೇಡಿ. ಬಿಡದಿದ್ದರೆ ಇನ್ನೊಂದು ರಾತ್ರಿ ನೆನೆಯಲಿ. ಬಿಟ್ಟ ಮೇಲೆ ಬರುವ ಕಪ್ಪು ಕೊಳೆಯನ್ನು ಒರೆಸುತ್ತಾ ಹೋಗಿ. ಸೀಮೆಎಣ್ಣೆ ಜಿಡ್ಡನ್ನು ತೊಳೆದುಬಿಡುತ್ತದೆ, ಜಾರಿಕೆ ಕೊಡುವುದಿಲ್ಲ. ಅದೇ ದಿನ ಮಿಷನ್ ಎಣ್ಣೆ ಹಾಕದೆ ಓಡಿಸಿದರೆ ಸವೆತ ಶುರು. ಮೇಲಿನ ಹೂಬಳ್ಳಿ ಚಿತ್ತಾರಕ್ಕೆ ಮಾತ್ರ ಸ್ಪಿರಿಟ್, ಸ್ಯಾನಿಟೈಸರ್ ಏನೂ ತಾಕಿಸಬೇಡಿ. ಹಳೆಯ ಮಿಷನ್‌ಗಳ ಮೇಲ್ಮೈಗೆ ಅರಗಿನ ಪಾಲಿಶ್ ಇರುತ್ತದೆ. ಅದು ಸ್ಪಿರಿಟ್‌ಗೆ ಕರಗುತ್ತದೆ, ಬಂಗಾರದ ಬಣ್ಣವೂ ಜೊತೆಗೇ ಹೋಗುತ್ತದೆ.

ನಂತರದ ಎಣ್ಣೆ ಹಾಕುವ ಕ್ರಮ ಸರಳ: ನೀರಿನಂತೆ ತಿಳಿಯಾದ ಮಿಷನ್ ಎಣ್ಣೆ, ಒಂದು ಜಾಗಕ್ಕೆ ಒಂದೇ ಹನಿ. ದಿನವಿಡೀ ಹೊಲಿಯುವವರಿಗೆ ದಿನಾ, ಮನೆಬಳಕೆಗೆ ವಾರಕ್ಕೊಮ್ಮೆ. ಮೇಲಿನ ತೂತುಗಳಿಗೆ ಹಾಕುವುದು ಎಲ್ಲರಿಗೂ ನೆನಪಿರುತ್ತದೆ. ಮರೆತುಹೋಗುವುದು ಮಗುಚಿದ ಹೆಡ್ಡಿನ ಕೆಳಭಾಗ, ಶಟಲ್ ಓಡುವ ಅಂಚು ಮತ್ತು ಸ್ಟ್ಯಾಂಡು. ಪೆಡಲ್ಲಿನ ಎರಡು ತುದಿ, ಪೆಡಲ್‌ನಿಂದ ಚಕ್ರಕ್ಕೆ ಹೋಗುವ ಕಡ್ಡಿಯ ಎರಡು ತುದಿ, ಚಕ್ರದ ನಡುವಿನ ಅಚ್ಚು, ಈ ಐದಕ್ಕೂ ಹನಿ ಬೀಳಬೇಕು. ಪೆಡಲ್ ಕಿರ್ ಅಂದರೆ ಎಣ್ಣೆ ಇಲ್ಲ. ಕಟಕಟ ಅಂದರೆ ಅದರ ಪಕ್ಕದ ಮೊನೆಸ್ಕ್ರೂ ಸಡಿಲಾಗಿದೆ. ಹೊರಗಿನ ನಟ್ಟು ಬಿಚ್ಚಿ, ಆಟ ನಿಲ್ಲುವವರೆಗೆ ಸ್ಕ್ರೂ ಬಿಗಿಮಾಡಿ, ಪೆಡಲ್ ಇನ್ನೂ ತೂಗುತ್ತದೆಯೇ ನೋಡಿ ನಟ್ಟು ಕಟ್ಟಿ. ಹೆಚ್ಚು ಬಿಗಿದರೆ ಸಂಜೆಗೆ ಮೀನಖಂಡ ಹಿಡಿಯುತ್ತದೆ.

ಬೆಲ್ಟ್ ವಿಚಾರದಲ್ಲಿ ನನಗೆ ಚರ್ಮದ್ದೇ ಮೇಲು, ಪ್ಲಾಸ್ಟಿಕ್ ಬೆಲ್ಟ್ ಸೆಕೆಗೆ ಹಿಗ್ಗಿ ಜಾರುತ್ತದೆ. ಅಂಗಡಿಯಲ್ಲಿ ಸುಮಾರು ಆರು ಅಡಿಯದ್ದು ತಂತಿಯ ಕೊಕ್ಕೆಯ ಜೊತೆ ಕೊಡುತ್ತಾರೆ. ಎರಡೂ ಚಕ್ರಕ್ಕೆ ಸುತ್ತಿ ಅಳೆದು, ತುದಿಯಿಂದ ಕಾಲು ಇಂಚು ಒಳಗೆ ತೂತು ಮಾಡಿ ಕೊಕ್ಕೆ ಸಿಕ್ಕಿಸಿ, ತಟ್ಟಿ ಮಡಿಸಿ. ಬೆಲ್ಟಿನ ನಡುವೆ ಬೆರಳಿಂದ ಒತ್ತಿದರೆ ಅರ್ಧದಿಂದ ಮುಕ್ಕಾಲು ಇಂಚು ತಗ್ಗಬೇಕು. ಹೊಸ ಚರ್ಮ ಒಂದೆರಡು ವಾರದಲ್ಲಿ ಉದ್ದವಾಗುತ್ತದೆ. ಆಗ ಅರ್ಧ ಇಂಚು ಕತ್ತರಿಸಿ, ಒಮ್ಮೆಗೇ ಎರಡು ಇಂಚು ಕತ್ತರಿಸಿದರೆ ಬೆಲ್ಟ್ ಹಾಳು. ಚರ್ಮಕ್ಕೆ ಎಣ್ಣೆ ಸೋಕಬಾರದು. ಬಾಬಿನ್ ಸುತ್ತುವ ಚಿಕ್ಕ ರಬ್ಬರ್ ರಿಂಗಿಗೂ ಅಷ್ಟೇ.

ಹೊಲಿಗೆ ಕೆಟ್ಟಾಗ ಟೆನ್ಷನ್ (ದಾರದ ಬಿಗಿ) ತಿರುಪಲು ಎಲ್ಲರಿಗೂ ಕೈ ತುರಿಸುತ್ತದೆ. ಅದು ಕೊನೆಯ ಕೆಲಸವಾಗಿರಲಿ. ಮೊದಲು ಸೂಜಿ ಬದಲಿಸಿ: ಸಾಮಾನ್ಯ ಹತ್ತಿಬಟ್ಟೆಗೆ 16, ತೆಳು ಬಟ್ಟೆಗೆ 14, ರೇಷ್ಮೆಗೆ 11, ಜೀನ್ಸಿಗೆ 18. ಸೂಜಿಯ ಚಪ್ಪಟೆ ಬದಿ ಶಟಲ್ಲಿನ ಕಡೆಗೆ, ಉದ್ದ ಗೆರೆ ದಾರ ಪೋಣಿಸುವ ಕಡೆಗೆ. 15ರ ಮಾದರಿಯಲ್ಲಿ ಬಲದಿಂದ ಎಡಕ್ಕೆ ಪೋಣಿಸಬೇಕು. ಸೂಜಿ ಮೇಲಕ್ಕೆ ಪೂರ್ತಿ ಹೋಗಿರದಿದ್ದರೆ ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆ. ಬಟ್ಟೆಯ ಕೆಳಗೆ ದಾರ ಗೂಡು ಕಟ್ಟಿದರೆ ತಪ್ಪು ಸಾಮಾನ್ಯವಾಗಿ ಬಾಬಿನ್ನಿನದಲ್ಲ, ಮೇಲಿನ ದಾರ ಟೆನ್ಷನ್ ಬಿಲ್ಲೆಗಳ ನಡುವೆ ಕೂತಿರುವುದಿಲ್ಲ. ಬಟ್ಟೆ ಒತ್ತುವ ಪಾದ ಎತ್ತಿಟ್ಟು ಹೊಸದಾಗಿ ಪೋಣಿಸಿ. ಬಾಬಿನ್ ಕೇಸನ್ನು ದಾರದಲ್ಲಿ ತೂಗುಬಿಟ್ಟು ಕೈ ಕುಲುಕಿದರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ಸರ್ರನೆ ಜಾರಿದರೆ ಅದರ ಚಿಕ್ಕ ಸ್ಕ್ರೂವನ್ನು ಕಾಲು ಸುತ್ತು ಬಿಗಿಮಾಡಿ. ಅದಕ್ಕೂ ಮೊದಲು ಆ ಸ್ಕ್ರೂ ಹಿಡಿದಿರುವ ತೆಳು ಪತ್ತಿಯ ಕೆಳಗೆ ಗಟ್ಟಿ ಕಾಗದದ ಮೂಲೆ ಎಳೆದು ನೂಲಿನ ಕಸ ತೆಗೆಯಿರಿ. ಹಲ್ಲಿನ ಮೇಲಿನ ತಗಡು ಬಿಚ್ಚಿದರೆ ಇಂಥದ್ದೇ ಕಸ ಕಂಬಳಿಯಂತೆ ಒತ್ತಿ ಕೂತಿರುತ್ತದೆ. ಅದು ತುಂಬಿದಾಗ ಹಲ್ಲು ಮೇಲೇಳದೆ ಬಟ್ಟೆ ನಿಂತಲ್ಲೇ ನಿಲ್ಲುತ್ತದೆ.

ಕೈಚಕ್ರದ ನಡುವಿನ ಗುಂಡಿ ಬಿಚ್ಚಿ ಸ್ವಚ್ಛ ಮಾಡಿದ ಮೇಲೆ ಚಕ್ರ ಸುತ್ತಿದರೂ ಸೂಜಿ ಏಳುವುದಿಲ್ಲ ಎಂಬ ದೂರು ಸಾಮಾನ್ಯ. ಒಳಗಿನ ಮೂರು ಕಿವಿಯ ವಾಷರ್ ತಿರುವುಮುರುವಾಗಿದೆ ಅಷ್ಟೇ. ಹೊರತೆಗೆದು ಅರ್ಧ ಸುತ್ತು ತಿರುಗಿಸಿ ಕೂರಿಸಿ.

ಹೊಸಬರಿಗೆ ದಾರ ಪದೇಪದೇ ತುಂಡಾಗುವುದು ಚಕ್ರ ಹಿಂದಕ್ಕೆ ತಿರುಗುವುದರಿಂದ. ಅದೇ ಗುಂಡಿ ಸಡಿಲಿಸಿ, ಸೂಜಿ ಏಳದಂತೆ ಮಾಡಿಕೊಂಡು ಬರೀ ತುಳಿಯುವುದನ್ನು ಎರಡು ದಿನ ಅಭ್ಯಾಸ ಮಾಡಿ. ಬಲಗೈಯಿಂದ ಕೈಚಕ್ರ ನಿಮ್ಮ ಕಡೆಗೆ ಎಳೆದ ಮೇಲೆಯೇ ಕಾಲು ಒತ್ತಬೇಕು. ಆಮೇಲೆ ಗೆರೆ ಹಾಕಿದ ನೋಟ್‌ಬುಕ್ ಹಾಳೆಯನ್ನು ದಾರವಿಲ್ಲದೆ ಹೊಲಿಯಿರಿ, ಗೆರೆಯ ಮೇಲೆ ತೂತು ನೇರ ಬರುವವರೆಗೆ. ಕಾಗದ ಸೂಜಿಯನ್ನು ಮೊಂಡು ಮಾಡುತ್ತದೆ, ಅದಕ್ಕೆ ಹಳೆಯ ಸೂಜಿ ಸಾಕು.

ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಮೊದಲು ಸೂಜಿದಂಡ, ಒತ್ತುಪಾದದ ದಂಡ, ಜಾರುವ ತಗಡುಗಳ ಮೇಲೆ ಎಣ್ಣೆಬಟ್ಟೆ ಆಡಿಸಿ, ಪಾದದ ಕೆಳಗೆ ಹತ್ತಿಬಟ್ಟೆಯ ತುಂಡೊಂದನ್ನು ಇಟ್ಟು ಇಳಿಸಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೆ ಬೆವರುತ್ತದೆ. ಹಳೆಯ ಪಂಚೆ ಸಾಕು. ವಾರಕ್ಕೊಮ್ಮೆ ಹತ್ತು ನಿಮಿಷ ತುಳಿಯಿರಿ, ಹೊಲಿಯಲು ಏನೂ ಇಲ್ಲದಿದ್ದರೂ.