ಮರಗೆಣಸು ತಿನ್ನುವ ಊರಲ್ಲಿ ಬಾಣಂತಿಗೆ ಹಿಟ್ಟು ಹದ ಮಾಡುವುದು ಹೇಗೆ?

ತಾಂಜಾನಿಯಾದ ದಕ್ಷಿಣ ತುದಿಯ ಮ್ಟ್ವಾರಾ ಕಡೆ ಗೇರುಬೀಜ ಜಾಸ್ತಿ. ಆಫ್ರಿಕಾದ ಕಚ್ಚಾ ಬೀಜ ಮಂಗಳೂರಿನ ಕಾರ್ಖಾನೆಗಳಿಗೂ ಬರುತ್ತದೆ, ಹಾಗಾಗಿ ಆ ಊರು ನಮ್ಮ ಕರಾವಳಿಯ ಕೆಲವರಿಗೆ ಹೊಸದಲ್ಲ. ಅದೇ ನೆಲದ ಇನ್ನೊಂದು ದೊಡ್ಡ ಬೆಳೆ ಮರಗೆಣಸು, ಅಲ್ಲಿಯವರ ಮುಹೋಗೊ. ಅದರಲ್ಲಿ ಕಹಿ ಜಾತಿಯೇ ರೈತರಿಗೆ ಇಷ್ಟ. ಬರಡು ನೆಲದಲ್ಲೂ ಬರುತ್ತದೆ, ಹಂದಿ ಮುಟ್ಟುವುದಿಲ್ಲ, ಕಳ್ಳರೂ ಕೀಳುವುದಿಲ್ಲ. ಯಾಕೆಂದರೆ ಅದರಲ್ಲಿ ವಿಷ ಇದೆ.

ಈ ವಿಷ ತೆಗೆಯುವ ಕೆಲಸ ಕಷ್ಟದ್ದೇನಲ್ಲ. ಆದರೂ ಅರ್ಧ ಜನ ಅದನ್ನು ಕೆಡಿಸುವುದನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಮನೆಯಲ್ಲಿ ಹಾಲುಣಿಸುವ ತಾಯಿ ಇದ್ದರಂತೂ ಇದನ್ನು ಬಿಡಲೇಬಾರದು.

ಮೊದಲು ಸಂಗತಿ ಏನು ಅಂತ ತಿಳಿಯಿರಿ. ಗೆಣಸಿನೊಳಗೆ ಲಿನಮಾರಿನ್ ಎಂಬ ವಸ್ತು ಇದೆ, ಅದು ಒಡೆದರೆ ಸಯನೈಡ್ ಹುಟ್ಟುತ್ತದೆ. ಅಷ್ಟಿಷ್ಟು ಸಯನೈಡ್ ಹೊಟ್ಟೆಗೆ ಹೋದರೆ ದೇಹ ಅದನ್ನು ಥಯೋಸಯನೇಟ್ ಮಾಡಿ ಹೊರಹಾಕುತ್ತದೆ. ತೊಂದರೆ ಶುರುವಾಗುವುದು ಇಲ್ಲೇ. ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಹೋಗುವ ಬಾಗಿಲನ್ನು ಈ ಥಯೋಸಯನೇಟ್ ಅಡ್ಡಗಟ್ಟುತ್ತದೆ. ಎದೆಹಾಲಿಗೆ ಅಯೋಡಿನ್ ಸೇರುವುದೂ ಅಂಥದೇ ಬಾಗಿಲಿನಿಂದ. ಆರು ತಿಂಗಳವರೆಗೆ ಮಗುವಿಗೆ ಅಯೋಡಿನ್ ಸಿಗುವುದು ಆ ಹಾಲಿನಿಂದ ಮಾತ್ರ, ಮತ್ತು ಹಸುಗೂಸಿನ ಥೈರಾಯ್ಡಿನಲ್ಲಿ ದಾಸ್ತಾನು ಇರುವುದೂ ತೀರಾ ಕಡಿಮೆ. ಕಾಂಗೋದ ಕಿವು ಸರೋವರದಲ್ಲಿ ಇಜ್ವಿ ಅಂತ ಒಂದು ದ್ವೀಪ ಇದೆ. ದ್ವೀಪದ ತುಂಬ ಅಯೋಡಿನ್ ಕೊರತೆ ಒಂದೇ ಥರ ಇದ್ದರೂ ಉತ್ತರ ಭಾಗದಲ್ಲಿ ಮಾತ್ರ ಗಳಗಂಡ ವಿಪರೀತ ಇತ್ತು. 1960ರ ದಶಕದಲ್ಲಿ ಬೆಲ್ಜಿಯಂ ವೈದ್ಯರು ಇದರ ಬೆನ್ನು ಹತ್ತಿದಾಗ ಕೊನೆಗೆ ಸಿಕ್ಕಿದ್ದು ಮರಗೆಣಸು.

ಈಗ ಕೆಲಸಕ್ಕೆ ಬನ್ನಿ.

ಹಸಿ ಗೆಡ್ಡೆ ಸಿಕ್ಕರೆ ಸಿಪ್ಪೆ ತೆಗೆದು ಮೂರ್ನಾಲ್ಕು ದಿನ ನೀರಲ್ಲಿ ನೆನೆಸಿ, ಆಮೇಲೆ ಒಣಗಿಸಿ ಕುಟ್ಟಿ. ಕಾಂಗೋದ ಹೆಂಗಸರು ಹಿಂದಿನಿಂದ ಹೀಗೇ ಮಾಡುತ್ತಾರೆ, ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಒಂದೇ ದಿನ ನೆನೆಸಿ ಮಾರುವವರಿಂದ ಕೊಳ್ಳಬೇಡಿ. ಬರ, ಯುದ್ಧ, ಸಂತೆಯ ಅವಸರ ಬಂದಾಗಲೆಲ್ಲ ಈ ದಿನಗಳೇ ಕಡಿಮೆಯಾಗುವುದು. ಆಗಲೇ ಕೊಂಜೊ ಎಂಬ ರೋಗ ಕಾಣಿಸಿಕೊಳ್ಳುವುದು, ಕಾಲು ಸೆಟೆದುಕೊಂಡು ಮತ್ತೆ ಸರಿಹೋಗುವುದೇ ಇಲ್ಲ. 1981ರಲ್ಲಿ ಮೊಜಾಂಬಿಕ್‌ನ ನಂಪುಲಾದಲ್ಲಿ ಬರಗಾಲದ ಹೊತ್ತಿಗೆ ಇದು ದೊಡ್ಡ ಪ್ರಮಾಣದಲ್ಲಿ ಹಬ್ಬಿತ್ತು.

ಮ್ಟ್ವಾರಾ ಕಡೆ ನೀರಿಗೇ ತತ್ವಾರ. ಅದಕ್ಕೆ ಸುಮ್ನೆ ಬಿಸಿಲಿಗೆ ಒಣಗಿಸಿದ ತುಂಡುಗಳನ್ನು, ಅಂದರೆ ಮಕೋಪವನ್ನು, ಕುಟ್ಟಿ ಹಿಟ್ಟು ಮಾಡುತ್ತಾರೆ. ಬಿಸಿಲಿಗೆ ಒಣಗಿಸಿದ ಮಾತ್ರಕ್ಕೆ ವಿಷ ಪೂರ್ತಿ ಹೋಗುವುದಿಲ್ಲ. ಇಂಥ ಹಿಟ್ಟಿಗೇ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿದ್ದ ಹೋವರ್ಡ್ ಬ್ರ್ಯಾಡ್ಬರಿ ಎಂಬ ವಿಜ್ಞಾನಿಯ ತಂಡ ಒಂದು ಉಪಾಯ ಹುಡುಕಿತು, ಹಿಟ್ಟನ್ನು ಒದ್ದೆ ಮಾಡಿ ಹರಡುವುದು. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಎಲ್ಲರೂ ಎಡವುವುದು ಇಲ್ಲೇ.

ಅಗಲ ಬಾಯಿಯ ಪಾತ್ರೆಗೆ ಹಿಟ್ಟು ಹಾಕಿ ಮಟ್ಟ ಮಾಡಿ. ಹಿಟ್ಟು ನಿಂತ ಎತ್ತರಕ್ಕೆ ಪಾತ್ರೆಯ ಒಳಗೋಡೆಯ ಮೇಲೆ ಒಂದು ಗೆರೆ ಹಾಕಿ. ಈಗ ಸ್ವಲ್ಪ ಸ್ವಲ್ಪವೇ ತಣ್ಣೀರು ಹಾಕುತ್ತಾ ಕೈಯಲ್ಲಿ ಕಲಸಿ. ಮೊದಮೊದಲು ಹಿಟ್ಟು ಕುಸಿದು ಗೆರೆಯಿಂದ ಕೆಳಗೆ ಇಳಿಯುತ್ತದೆ, ಹಾಳಾಯಿತು ಅಂದುಕೊಂಡು ನಿಲ್ಲಿಸಬೇಡಿ, ನೀರು ಹಾಕುತ್ತಾ ಹೋದಂತೆ ಅದು ಮತ್ತೆ ಮೇಲೇರುತ್ತದೆ, ಸರಿಯಾಗಿ ಗೆರೆ ಮುಟ್ಟಿದಾಗ ನೀರು ಸಾಕು. ಒಳಗೆ ಒಣ ಹಿಟ್ಟಿನ ಗಂಟು ಉಳಿಯಬಾರದು, ಉಳಿದರೆ ಆ ಗಂಟಿನೊಳಗೆ ಏನೂ ಆಗಿರುವುದಿಲ್ಲ.

ಬೇಗ ಆಗಲಿ ಅಂತ ಬಿಸಿನೀರು ಹಾಕುವವರಿದ್ದಾರೆ. ದಯವಿಟ್ಟು ಬೇಡ. ಹಿಟ್ಟಿನೊಳಗೇ ಇರುವ ಒಂದು ಕಿಣ್ವ ಲಿನಮಾರಿನ್ನನ್ನು ಒಡೆದು ಸಯನೈಡನ್ನು ಗಾಳಿಗೆ ಬಿಡಬೇಕು, ಕುದಿವ ನೀರು ಬಿದ್ದರೆ ಆ ಕಿಣ್ವ ಸಾಯುತ್ತದೆ, ವಿಷ ಅಲ್ಲೇ ಉಳಿಯುತ್ತದೆ. "ಹೇಗೂ ಉಗಾಲಿ (ಅಲ್ಲಿಯ ಮುದ್ದೆ) ಮಾಡುವಾಗ ಬೇಯುತ್ತದಲ್ಲ" ಎಂಬ ವಾದವೂ ಇದೇ ಕಾರಣಕ್ಕೆ ನಡೆಯುವುದಿಲ್ಲ.

ಕಲಸಿದ್ದನ್ನು ಚಾಪೆ ಅಥವಾ ಮೊರದ ಮೇಲೆ ಹರಡಿ. ದಪ್ಪ 1 ಸೆಂಟಿಮೀಟರ್ ಮೀರಬಾರದು, ಅಂದರೆ ಕಿರುಬೆರಳಿನ ಅಗಲಕ್ಕಿಂತ ತೆಳ್ಳಗೆ. ಚಾಪೆ ಚಿಕ್ಕದು ಅಂತ ಗುಡ್ಡೆ ಹಾಕಿದರೆ ಗಾಳಿಗೆ ಹೋಗಬೇಕಾದದ್ದು ಒಳಗೇ ಕೂರುತ್ತದೆ. ಬಿಸಿಲಲ್ಲಿ 2 ಗಂಟೆ, ನೆರಳಲ್ಲಾದರೆ 5 ಗಂಟೆ. ನನ್ನ ಮಾತು ಕೇಳುವುದಾದರೆ ಬಿಸಿಲೇ ಸರಿ, ನೆರಳಲ್ಲಿಟ್ಟವರು ಐದು ಗಂಟೆ ಕಾಯುವುದನ್ನು ನಾನಂತೂ ನೋಡಿಲ್ಲ. ಅಂಗಳದಲ್ಲಿ ಹರಡಿ, ಮುಚ್ಚಿದ ಕೋಣೆಯಲ್ಲಿ ಬೇಡ. ಆಮೇಲೆ ಅದೇ ದಿನ ಉಗಾಲಿ ಮಾಡಿ (ನಮ್ಮ ಮುದ್ದೆ ತಿರುವಿದ ಹಾಗೇ), ಒದ್ದೆ ಹಿಟ್ಟು ನಾಳೆಗೆ ಇಟ್ಟರೆ ಹುಳಿ ಬರುತ್ತದೆ. ಕಾಂಗೋದ ಕೇ ಕಲೆಂಗೆ ಎಂಬ ಹಳ್ಳಿಯಲ್ಲಿ 2010ರಿಂದ ಹೆಂಗಸರಿಗೆ ಇದನ್ನು ಕಲಿಸಿದರು, ಕಲಿಸಿದ ಅವಧಿಯಲ್ಲಿ ಅಲ್ಲಿ ಹೊಸದಾಗಿ ಯಾರಿಗೂ ಕೊಂಜೊ ಬರಲಿಲ್ಲ.

ಎಲೆಯ ಪಲ್ಯ, ಅಂದರೆ ಕಿಸಾಂವು ಮಾಡುವುದಾದರೆ ಚೆನ್ನಾಗಿ ಕುಟ್ಟಿ, ಆಮೇಲೆ ಬೇಯಿಸಿ. ಅಷ್ಟೇ.

ಇನ್ನು ಉಪ್ಪು. ಹಾಲುಣಿಸುವ ತಾಯಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಉಳಿದ ದೊಡ್ಡವರಿಗೆ 150 ಸಾಕು. ಅಯೋಡಿನ್ ಸೇರಿಸಿದ ಪ್ಯಾಕೆಟ್ ಉಪ್ಪನ್ನೇ ತನ್ನಿ, ಮುಚ್ಚಳದ ಡಬ್ಬಿಯಲ್ಲಿಡಿ, ಒಲೆಯ ಪಕ್ಕ ಬೇಡ, ಅಡುಗೆಯ ಕೊನೆಗೆ ಹಾಕಿ. ಕರಾವಳಿಯಲ್ಲಿ ಚೀಲದಲ್ಲಿ ಮಾರುವ ಹರಳುಪ್ಪನ್ನು ನಂಬಬೇಡಿ. ದೊಡ್ಡ ಅಂಗಡಿಗಳ ಗುಲಾಬಿ ಉಪ್ಪು ಇನ್ನೂ ದಂಡ, ದುಡ್ಡು ಜಾಸ್ತಿ, ಅಯೋಡಿನ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಂತ ಕಡಲಪಾಚಿ ಮಾತ್ರೆ ನುಂಗಲೂ ಹೋಗಬೇಡಿ. ಅಲ್ಜೀರಿಯಾದ ಮರುಭೂಮಿಯಲ್ಲಿರುವ ಸಹ್ರಾವಿ ನಿರಾಶ್ರಿತರ ಶಿಬಿರಗಳಲ್ಲಿ ಕುಡಿಯುವ ನೀರಲ್ಲೇ ಅಯೋಡಿನ್ ಹೆಚ್ಚು. ಅಲ್ಲಿನ ತಾಯಂದಿರ ಎದೆಹಾಲಿನಲ್ಲೂ ಹೆಚ್ಚು, ಥೈರಾಯ್ಡ್ ತೊಂದರೆಯೂ ಇದೆ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ ಹೊರಗೆ ಕಳಿಸಿ, ಅದರ ಹೊಗೆಯಲ್ಲೂ ಅದೇ ಸಯನೈಡ್.

ಮಗುವಿಗೆ ಹುಟ್ಟಿದ ಒಂದು ಗಂಟೆಯೊಳಗೆ ಹಾಲು ಶುರು, ಆರು ತಿಂಗಳು ಬರೀ ಎದೆಹಾಲು. ನೀರೂ ಬೇಡ. ಬಿಸಿಲಿನ ಊರು, ಬಾಯಾರುತ್ತದೆ ಅಂತ ಅತ್ತೆಯವರು ಹೇಳುತ್ತಾರೆ, ಅಲ್ಲಿಯ ಬೀಬಿಯೂ, ಅಂದರೆ ಅಜ್ಜಿಯೂ, ಅದನ್ನೇ ಹೇಳುತ್ತಾಳೆ. ಎದೆಹಾಲಿನಲ್ಲಿ ನೂರಕ್ಕೆ ಹೆಚ್ಚುಕಡಿಮೆ 88 ಪಾಲು ನೀರೇ ಇದೆ. ಗ್ರೈಪ್ ವಾಟರ್, ಜೇನು, ಮೂರನೇ ತಿಂಗಳಿಗೇ ಉಜಿ ಗಂಜಿ, ಯಾವುದೂ ಬೇಡ. ತಾಯಿ ಮರಗೆಣಸು ತಿಂದಿದ್ದಾಳೆ ಅಂತ ಹಾಲು ಬಿಡಿಸುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಬದಲಿಗೆ ಅದೇ ಹಿಟ್ಟಿನ ಗಂಜಿ ಕೊಟ್ಟರೆ ವಿಷ ನೇರವಾಗಿ ಮಗುವಿನ ಹೊಟ್ಟೆಗೇ ಹೋಯಿತಲ್ಲ!

ಆರು ತಿಂಗಳಾದ ಮೇಲೆ ಎದೆಹಾಲಿನ ಜೊತೆಗೆ ಗಂಜಿ ಶುರು ಮಾಡಿ, ಆದರೆ ಜೋಳ ಅಥವಾ ರಾಗಿಯದ್ದು. ಅದಕ್ಕೆ ಅರೆದ ಕಡಲೆಕಾಯಿ, ಇಲ್ಲವೇ ದಗಾ ಎಂಬ ಒಣ ಪುಟ್ಟ ಮೀನಿನ ಪುಡಿ ಸೇರಿಸಿ. ಸಯನೈಡನ್ನು ದೇಹ ಹೊರಹಾಕಲು ಗಂಧಕ ಇರುವ ಪ್ರೋಟೀನ್ ಬೇಕು, ಅದು ಮೀನು ಮೊಟ್ಟೆಯಲ್ಲಿ ಸಿಗುತ್ತದೆ, ಗೆಣಸಿನಲ್ಲಿ ತೀರಾ ಕಡಿಮೆ. ಎದೆಹಾಲನ್ನು ಎರಡು ವರ್ಷ ದಾಟಿದರೂ ಮುಂದುವರಿಸಬಹುದು.

ತಾಯಿಗೆ ಮೊದಲೇ ಥೈರಾಯ್ಡ್ ಕಡಿಮೆ ಇದ್ದು ಲೆವೋಥೈರಾಕ್ಸಿನ್ ಎಂಬ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಬೇಕಿಲ್ಲ, ಹಾಲೂ ಕೊಡಬಹುದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಲಿ. ಬಾಣಂತಿಗೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಅದಾಗಿ 4 ಗಂಟೆ ಕಳೆದ ಮೇಲೆ ಕೊಡಿ, ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮಗು ತೀರಾ ಮಂಕಾಗಿದ್ದರೆ, ಹಾಲು ಎಳೆಯಲು ಆಲಸಿಯಾದರೆ, ಕಾಮಾಲೆ ವಾರಗಟ್ಟಲೆ ಇಳಿಯದಿದ್ದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ ಮಗುವಿಗೆ ಟಿಎಸ್‌ಎಚ್, ಅಂದರೆ ಥೈರಾಯ್ಡ್ ಸರಿಯಿದೆಯೇ ಎಂದು ನೋಡುವ ರಕ್ತ ಪರೀಕ್ಷೆ ಮಾಡಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ.