ಸುರಂಗದ ನೀರಿನ ಬುಡದಲ್ಲಿ 12 ನಿಮಿಷ

ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿ ನಮ್ಮ ಮನೆ. ಹಿಂದೆಯೇ ಸುರಂಗ. ಕಾಸರಗೋಡಿನವರಿಗೆ ಹೇಳಬೇಕಿಲ್ಲ, ಬೇರೆ ಊರಿನವರಿಗಾಗಿ ಹೇಳುತ್ತೇನೆ: ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ, ಒಬ್ಬರು ನುಸುಳುವಷ್ಟು ಅಗಲದ ಗುಹೆ ಅದು. ಒಳಗೆ ಒಸರುವ ನೀರು ಪಂಪ್ ಇಲ್ಲದೆ ತಾನಾಗಿ ಹೊರಗೆ ಬರುತ್ತದೆ. ನಮ್ಮಲ್ಲಿ ಅಡಿಕೆ ಮರದ ದಂಬೆಯಲ್ಲಿ, ಅಂದರೆ ಮರ ಸೀಳಿ ಮಾಡಿದ ಓಣಿಯಲ್ಲಿ, ಹರಿದು ಟ್ಯಾಂಕಿಗೆ ಬೀಳುತ್ತದೆ. ನನಗೆ ಧ್ಯಾನದ ಅಭ್ಯಾಸ ಹಿಡಿದದ್ದು ಈ ನೀರಿನ ಪಕ್ಕದಲ್ಲಿ.

ಆತಂಕ ಶುರುವಾಗಿ ನಾಲ್ಕು ವರ್ಷ ಆಯಿತು. ಗಂಡ ದುಬೈಯಲ್ಲಿ, ಮಗ ಓದಲು ಬೆಂಗಳೂರಿಗೆ ಹೋದ ವರ್ಷ. ರಾತ್ರಿ ಮೂರು ಗಂಟೆಗೆ ಎಚ್ಚರ ಆಗುತ್ತಿತ್ತು. ಎದೆ ಡವಡವ, ಕೈ ತಣ್ಣಗೆ. ನಾನು ಕನ್ನಡ ಶಾಲೆಯ ಟೀಚರ್. ಆಫೀಸಿನಿಂದ ಮಲಯಾಳದಲ್ಲಿ ಒಂದು ಕಾಗದ ಬಂದರೆ, ಓದುವ ಮೊದಲೇ ಹೊಟ್ಟೆ ತೊಳಸುತ್ತಿತ್ತು. ಇಸಿಜಿ ಮಾಡಿಸಿದೆ. ಡಾಕ್ಟರು "ನಿಮ್ಮ ಹಾರ್ಟ್ ಸರಿಯಾಗೇ ಇದೆ, ಇದು ಆತಂಕ" ಅಂದರು. ಕೆಲವು ತಿಂಗಳು ಮಾತ್ರೆ ಕೊಟ್ಟರು, ಜೊತೆಗೆ ಧ್ಯಾನವನ್ನೂ ಮಾಡಿ ನೋಡಿ ಅಂದರು. ಮಾತ್ರೆ ಬಿಟ್ಟು ಧ್ಯಾನ ಮಾಡಿ ಎಂದು ಅವರು ಹೇಳಲಿಲ್ಲ, ನಾನೂ ಯಾರಿಗೂ ಹಾಗೆ ಹೇಳುವುದಿಲ್ಲ.

ಮೊದಲು ಮಾಡಿದ್ದೆಲ್ಲ ತಪ್ಪಾಯಿತು. ಬೆಳಿಗ್ಗೆ ಐದಕ್ಕೆ ಎದ್ದು, ದೇವರ ಕೋಣೆಯಲ್ಲಿ ಕಣ್ಣು ಮುಚ್ಚಿ ಅರ್ಧ ಗಂಟೆ ಕೂತೆ. ಕಣ್ಣು ಮುಚ್ಚಿದ ಕೂಡಲೇ ಯೋಚನೆಗಳು ಇನ್ನೂ ಜಾಸ್ತಿ ಆದವು. ಎದೆಬಡಿತ ಕಿವಿಯಲ್ಲೇ ಕೇಳಿಸುತ್ತಿತ್ತು. ಒಂಬತ್ತನೇ ದಿನ ಬಿಟ್ಟೆ. ಆತಂಕ ಇರುವ ಕೆಲವರಿಗೆ ಕಣ್ಣು ಮುಚ್ಚಿ ಸುಮ್ನೆ ಕೂತರೆ ಹೆದರಿಕೆ ಏರುತ್ತದೆ, ಅಂಥವರು ಕಣ್ಣು ತೆರೆದೇ ಕೂರಬಹುದು ಎಂದು ನನಗೆ ಯಾರಾದರೂ ಆಗಲೇ ಹೇಳಿದ್ದರೆ ಎಷ್ಟು ಒಳ್ಳೆಯದಿತ್ತು!

ಒಂದು ದಿನ ಬೆಳಿಗ್ಗೆ ಕೊಡ ಹಿಡಿದು ಹಿಂದೆ ಹೋದವಳು ಹಾಗೇ ಕಟ್ಟೆಯಲ್ಲಿ ಕೂತುಬಿಟ್ಟೆ. ನೀರು ಬೀಳುವುದನ್ನು ನೋಡುತ್ತಾ ಇದ್ದೆ. ಅತ್ತೆ ಹುಡುಕಿಕೊಂಡು ಬಂದು "ಎಂತ ಮಾಡ್ತಾ ಇದ್ದಿ ಇಲ್ಲಿ?" ಎಂದು ಕೇಳಿದಾಗಲೇ ಹೊತ್ತು ಹೋದದ್ದು ಗೊತ್ತಾದದ್ದು. ಅಷ್ಟು ಹೊತ್ತು ಎದೆ ಶಾಂತವಾಗಿತ್ತು, ಅಲ್ವಾ ಅನ್ನಿಸಿತು. ಮರುದಿನದಿಂದ ಜಾಗ ಅದೇ, ಹೊತ್ತು ಅದೇ. ಕಾಪಿಗೆ ನೀರು ತರಲು ಹೇಗೂ ಹೋಗಲೇಬೇಕು. ಕೊಡ ಕೆಳಗಿಟ್ಟ ಕೂಡಲೇ ಕೂರುವುದು. ಬೇರೆ ಯಾರೂ ನೆನಪಿಸುವುದು ಬೇಡ, ಅಲಾರಾಂ ಬೇಡ.

ಮೊದಲ ವಾರ ಬರೀ ನಾಲ್ಕು ನಿಮಿಷ. ಕಣ್ಣು ನೀರಿನ ಮೇಲೆ, ಕಿವಿ ಸದ್ದಿನ ಮೇಲೆ. ಉಸಿರು ಎಳೆಯುವಾಗ ಮನಸ್ಸಿನಲ್ಲೇ ನಾಲ್ಕು ಎಣಿಕೆ, ಬಿಡುವಾಗ ಆರು. ಬಿಡುವುದು ಉದ್ದ ಇರಬೇಕು, ಅದೇ ಮುಖ್ಯ. ಇದನ್ನು ನಾನು ಕೈಯಲ್ಲೇ ಪರೀಕ್ಷೆ ಮಾಡಿದೆ. ಎಡಗೈಯ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬದಿಗೆ, ಬಲಗೈಯ ಎರಡು ಬೆರಳು ಮೆಲ್ಲನೆ ಇಟ್ಟೆ. ಉಸಿರು ಎಳೆದಾಗ ನಾಡಿ ಹತ್ತಿರ ಹತ್ತಿರ ಬಡಿಯುತ್ತದೆ. ನಿಧಾನ ಬಿಟ್ಟಾಗ ಬಡಿತಗಳ ನಡುವೆ ಜಾಗ ಹೆಚ್ಚುತ್ತದೆ. ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಕೆಲಸ ಅದು. ಉಸಿರು ಬಿಡುವಾಗ ಅದು ಹೃದಯಕ್ಕೆ ಸ್ವಲ್ಪ ಬ್ರೇಕ್ ಹಾಕುತ್ತದೆ. ನನ್ನದೇ ಬೆರಳಿನ ಕೆಳಗೆ ಇದು ನಡೆದದ್ದು ಕಂಡ ದಿನ ನನಗೆ ಧೈರ್ಯ ಬಂತು. ಡವಡವ ಅನ್ನುವ ಇದೇ ಎದೆಯನ್ನು ನಾನು ನಿಧಾನ ಮಾಡಬಲ್ಲೆ!

ಎಣಿಕೆ ಯಾವ ಭಾಷೆಯಲ್ಲಿ ಎಂಬುದೂ ಸಣ್ಣ ವಿಷಯ ಅಲ್ಲ. ಮೊಬೈಲಿನ ಇಂಗ್ಲಿಷ್ ಧ್ಯಾನ ಕೇಳಿ ನೋಡಿದ್ದೆ, ಅರ್ಥ ಮಾಡಿಕೊಳ್ಳುವುದೇ ಒಂದು ಕೆಲಸ ಆಯಿತು. ಕೆಲಸದವರ ಹತ್ತಿರ ತುಳು, ಬಸ್ಸಲ್ಲಿ ಮಲಯಾಳ, ದಿನವಿಡೀ ನಮ್ಮ ನಾಲಗೆ ತಿರುಗುತ್ತಲೇ ಇರುತ್ತದೆ. ಆ 12 ನಿಮಿಷ ಬರೀ ಒಂದು, ಎರಡು, ಮೂರು, ನಾಲ್ಕು.

ಹೌದು, ಈಗ 12 ನಿಮಿಷ. ಅಮೆರಿಕದ ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ರೋಗಿಗಳಿಗೆ ಇಂಥ ಅಭ್ಯಾಸ ಶುರು ಮಾಡಿದರು, ಅದು 8 ವಾರದ ಪಾಠ ಎಂದು ಓದಿದ್ದೆ. ಹಾಗಾಗಿ ನಾನೂ 8 ವಾರ ಫಲ ಕೇಳಬಾರದು ಎಂದುಕೊಂಡೆ. ಆರನೇ ವಾರದ ಹೊತ್ತಿಗೆ ವ್ಯತ್ಯಾಸ ಗೊತ್ತಾಯಿತು. ಮೂರು ಗಂಟೆಗೆ ಎಚ್ಚರ ಆಗುವುದು ನಿಲ್ಲಲಿಲ್ಲ. ಆದರೆ ಎದ್ದು ಕೂತು ಮಗನಿಗೆ ಫೋನ್ ಮಾಡಬೇಕು ಅನ್ನಿಸುವುದು ನಿಂತಿತು. ಮಲಗಿದಲ್ಲೇ ಉದ್ದ ಉಸಿರು ಬಿಡುತ್ತೇನೆ. ಹೆದರಿಕೆ ಏರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಇಳಿಯುತ್ತದೆ. ಇಳಿಯುತ್ತದೆ ಎಂದು ಈಗ ಗೊತ್ತಿದೆ.

ಇದರಿಂದಲೂ ಆಗದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಒಬ್ಬರೇ ಕೂರಬೇಡಿ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416, ದುಡ್ಡು ಬೇಡ, ಕನ್ನಡದಲ್ಲೂ ಮಾತಾಡಬಹುದು.

ಮಳೆಗಾಲದಲ್ಲಿ ದಂಬೆಯ ಸದ್ದು ಎಷ್ಟು ಜೋರು ಅಂದರೆ ಬೇರೇನೂ ಕೇಳದು. ಮಾರ್ಚ್ ಕಳೆದರೆ ನೀರು ನೂಲಿನಷ್ಟು ಸಪೂರ. ಹೋದ ಮೇ ತಿಂಗಳಲ್ಲಿ ಹನಿ ಮಾತ್ರ ಉಳಿದಿತ್ತು. ಒಂದು ಹನಿ, ಮತ್ತೆ ತುಂಬಾ ಹೊತ್ತು ಏನೂ ಇಲ್ಲ, ಮತ್ತೆ ಒಂದು ಹನಿ. ಆ ನಡುವಿನ ಹೊತ್ತಿನಲ್ಲಿ ಉಸಿರು ಬಿಡುತ್ತಾ ಕೂತೆ. ಕೊಡ ತುಂಬಲಿಲ್ಲ, ಕಾಪಿಗೆ ಬಾವಿಯಿಂದ ನೀರು ಸೇದಿದೆ.