ಹಾರ್ಡ್ ಡಿಸ್ಕ್ ಕೈಕೊಡುತ್ತಿದೆಯೇ? ರಿಪೇರಿ ಆಮೇಲೆ, ಮೊದಲು ಕಡತ ಉಳಿಸಿಕೊಳ್ಳಿ

ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಕಾಯಬೇಕು. ಮೌಸ್ ಬಾಣ ಇದ್ದಲ್ಲೇ ನಿಂತಿದೆ, ಕ್ಯಾಬಿನೆಟ್ಟಿನ ಮುಂದಿರುವ ಡಿಸ್ಕ್ ದೀಪ ಮಾತ್ರ ಆರದೆ ಉರಿಯುತ್ತಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡುತ್ತಾರೆ, ಅದೂ ಫಲಿಸದಿದ್ದರೆ ವಿಂಡೋಸ್ ಅನ್ನೇ ಹೊಸದಾಗಿ ಹಾಕಲು ಹೊರಡುತ್ತಾರೆ. ಡಿಸ್ಕ್ ನಿಜಕ್ಕೂ ಹಾಳಾಗುತ್ತಿದ್ದರೆ ಇವೆರಡೂ ಅದರ ಉಳಿದ ಆಯುಸ್ಸನ್ನು ತಿನ್ನುತ್ತವೆ. ಎರಡನೆಯದಂತೂ ಕಡತಗಳನ್ನೂ ಅಳಿಸಿಹಾಕಬಹುದು.

ಮೊದಲು ಡಿಸ್ಕಿನ ಸದ್ದಿಗೆ ಕಿವಿಗೊಡಿ. ಒಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಓದುವ ಹೆಡ್ ಅದಕ್ಕೆ ತಾಗದೆ ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತಿರುತ್ತದೆ. ಸಣ್ಣ ಗುಂಯ್ ಸದ್ದು, ಓದುವಾಗಿನ ಕರಕರ ಸಹಜ. ಆದರೆ ಟಕ್, ಟಕ್ ಎಂದು ಲಯಬದ್ಧವಾಗಿ ಬಡಿದ ಸದ್ದು ಬಂದರೆ, ಹೆಡ್ ತನ್ನ ಜಾಗ ಸಿಗದೆ ಪದೇ ಪದೇ ಹಿಂದಿರುಗುತ್ತಿದೆ ಎಂದೇ ಅನುಮಾನಿಸಬೇಕು. ತಕ್ಷಣ ಕಂಪ್ಯೂಟರ್ ಆಫ್ ಮಾಡಿ. ಈ ಹಂತದಲ್ಲಿ ಯಾವ ಸಾಫ್ಟ್‌ವೇರೂ ನೆರವಿಗೆ ಬಾರದು. ಕಡತಗಳು ಅಮೂಲ್ಯವಾಗಿದ್ದರೆ ಡೇಟಾ ರಿಕವರಿ ತಜ್ಞರೇ ಗತಿ. ಕುತೂಹಲಕ್ಕೆ ಡಿಸ್ಕಿನ ಮುಚ್ಚಳ ಬಿಚ್ಚಬೇಡಿ, ಒಂದು ಧೂಳಿನ ಕಣ ಸಾಕು ತಟ್ಟೆ ಗೀರಿಹೋಗಲು. ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಹಳೆಯ ಸಲಹೆಯನ್ನೂ ಮರೆತುಬಿಡಿ. ಒಳಗೆ ತೇವ ಕಟ್ಟಿಕೊಂಡರೆ ಇದ್ದ ಅವಕಾಶವೂ ಹೋಗುತ್ತದೆ.

ಅಂಥ ಸದ್ದಿಲ್ಲವೇ? ಹಾಗಾದರೆ ತಪಾಸಣೆಗಿಂತ ಮೊದಲು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಮತ್ತೆ ಸಿಗದ ಫೋಟೊ, ದಾಖಲೆ, ಲೆಕ್ಕಪತ್ರಗಳು ಮೊದಲು. ಸಿನಿಮಾಗಳನ್ನು ಬಿಟ್ಟರೂ ನಷ್ಟವಿಲ್ಲ. ಕಟ್ ಮಾಡಬೇಡಿ, ಕಾಪಿ ಮಾತ್ರ ಮಾಡಿ. ಒಂದು ಕಡತದ ಬಳಿ ನಕಲು ಸಿಕ್ಕಿಹಾಕಿಕೊಂಡರೆ ಅದನ್ನು ಬಿಟ್ಟು ಮುಂದೆ ಹೋಗಿ.

ಇನ್ನು ತಪಾಸಣೆ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ, ಇದಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಅದನ್ನು ತೆರೆದು ತೋರಿಸುತ್ತದೆ. ಆರೋಗ್ಯ ಸೂಚಿಸಲು ಅದು ತೋರಿಸುವ ಬಣ್ಣವೊಂದನ್ನೇ ನಂಬಬೇಡಿ, ಪಟ್ಟಿಯ ಕೆಲವು ಸಾಲುಗಳನ್ನು ಓದಿ. 05 ಎಂಬ ಸಾಲು ಕೆಟ್ಟುಹೋಗಿ ಬದಲಿ ಜಾಗ ಪಡೆದ ಸೆಕ್ಟರ್‌ಗಳ (ಕಡತ ಹಿಡಿದಿಡುವ ಪುಟ್ಟ ಖಾನೆಗಳ) ಲೆಕ್ಕ. ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವವು, ಸಿ6 ಎಂದರೆ ಸರಿಪಡಿಸಲಾಗದವು. 05ರಲ್ಲಿ ಸಣ್ಣ ಸಂಖ್ಯೆಯೊಂದು ಬಹುಕಾಲ ಬದಲಾಗದೆ ನಿಂತಿದ್ದರೆ ಗಾಬರಿ ಬೇಡ. ಏರುತ್ತಿದ್ದರೆ ಡಿಸ್ಕ್ ಬದಲಿಸುವ ಕಾಲ ಬಂದಿದೆ. ಸಂಖ್ಯೆಗಳು ಹದಿನಾರರ ಅಂಕಪದ್ಧತಿಯಲ್ಲಿರಬಹುದು ಎಂಬುದು ನೆನಪಿರಲಿ. ಆಗ 10 ಎಂದು ಕಂಡದ್ದು ನಿಜದಲ್ಲಿ 16.

ಅದೇ ಪಟ್ಟಿಯ ಸಿ7 ಸಾಲು ಬೇರೆಯೇ ಕಥೆ ಹೇಳುತ್ತದೆ. ಅದು ಏರುತ್ತಿದ್ದರೆ ತಪ್ಪು ಬಹುಪಾಲು ಡಿಸ್ಕಿನದ್ದಲ್ಲ, ಕೇಬಲ್ಲಿನದ್ದು. ಪ್ಲಗ್ ಕಿತ್ತು, ಕ್ಯಾಬಿನೆಟ್ ತೆರೆದು ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ. ಹಳೆಯ ಎಣಿಕೆ ಕೆಳಗಿಳಿಯುವುದಿಲ್ಲ, ಮತ್ತೆ ಏರುತ್ತದೆಯೇ ಎಂದಷ್ಟೇ ಗಮನಿಸಿ. ಪ್ರತಿ ಬಾರಿ ಆನ್ ಮಾಡಿದಾಗಲೂ ಗಡಿಯಾರ ಹಳೆಯ ದಿನಾಂಕಕ್ಕೆ ಜಾರುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿಯನ್ನೂ ಬದಲಿಸಿ. ಅದು ಸತ್ತಾಗ, ಕಂಪ್ಯೂಟರನ್ನು ಶುರುಮಾಡುವ ಬಯಾಸ್ ಎಂಬ ತಂತ್ರಾಂಶ ಡಿಸ್ಕಿನ ಸೆಟ್ಟಿಂಗನ್ನು ಮರೆತು, ಗಟ್ಟಿಮುಟ್ಟಾದ ಡಿಸ್ಕಿನಿಂದಲೂ ವಿಂಡೋಸ್ ಶುರುವಾಗದಿರಬಹುದು.

ವಿಂಡೋಸಿನದೇ ಡಿಸ್ಕ್ ತಪಾಸಣೆಯ ಸಾಧನವಾದ ಚೆಕ್‌ಡಿಸ್ಕ್ ಓಡಿಸುವ ಆಸೆ ಎಲ್ಲರಿಗೂ ಇರುತ್ತದೆ. ನಕಲು ಮುಗಿಯುವ ತನಕ ತಡೆದುಕೊಳ್ಳಿ. ಕೆಟ್ಟ ಸೆಕ್ಟರ್ ಹುಡುಕುವ ನೆಪದಲ್ಲಿ ಅದು ಇಡೀ ಡಿಸ್ಕನ್ನು ತಡಕಾಡಿ, ಬಳಲಿದ್ದನ್ನು ಇನ್ನಷ್ಟು ಬಳಲಿಸುತ್ತದೆ. ಸಾಮಾನ್ಯ ಕಾಪಿ ಪದೇ ಪದೇ ನಿಲ್ಲುತ್ತಿದ್ದರೆ, ಲಿನಕ್ಸ್ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಬೂಟ್ ಮಾಡಿ ಡಿಡಿರೆಸ್ಕ್ಯೂ ಎಂಬ ನಕಲು ತಂತ್ರಾಂಶ ಬಳಸುವುದು ಒಳ್ಳೆಯದು. ಅದು ಸಲೀಸಾಗಿ ಸಿಗುವ ಭಾಗವನ್ನು ಮೊದಲು ಎತ್ತಿಕೊಂಡು ಕಷ್ಟದ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ನಕಲಾಯಿತೆಂದು ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ನಡುವೆ ನಿಲ್ಲಿಸಿ ಮುಂದುವರಿಸಲೂಬಹುದು. ಆಜ್ಞೆಯಲ್ಲಿ ಹಳೆಯ, ಹೊಸ ಡಿಸ್ಕ್‌ಗಳನ್ನು ಅದಲುಬದಲು ಮಾಡಿದಿರೋ, ಖಾಲಿ ಡಿಸ್ಕಿನ ನಕಲು ನಿಮ್ಮ ಕಡತಗಳ ಮೇಲೆ ಕೂರುತ್ತದೆ. ಲೇಬಲ್ಲಿನ ಸೀರಿಯಲ್ ನಂಬರನ್ನು ಪರದೆಯ ಮೇಲಿನದರೊಂದಿಗೆ ತಾಳೆ ನೋಡಿಯೇ ಎಂಟರ್ ಒತ್ತಿ.

ಪೂರ್ತಿ ಫಾರ್ಮ್ಯಾಟ್ ಮಾಡಿದ ಮೇಲೆ ಸಿ5 ಸೊನ್ನೆಗೆ ಇಳಿಯುವುದುಂಟು. ಡಿಸ್ಕ್ ಗುಣವಾಯಿತೆಂದು ಹಿಗ್ಗುವವರಿದ್ದಾರೆ. ನಾನಂತೂ ಅಂಥದ್ದರಲ್ಲಿ ಇರುವ ಒಂದೇ ಪ್ರತಿಯನ್ನು ಇಡಲಾರೆ. ಸಾಟಾ ಇರುವ ಹಳೆಯ ಕಂಪ್ಯೂಟರಿಗೆ ಎರಡೂವರೆ ಇಂಚಿನ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ಡಿಸ್ಕ್) ಅದೇ ಕೇಬಲ್ಲುಗಳಿಗೆ ಸೇರುತ್ತದೆ, ವೇಗವೂ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಹಳೆಯ ಡಿಸ್ಕನ್ನು ಮಾತ್ರ ಕೂಡಲೇ ಎಸೆಯಬೇಡಿ. ಹೊಸದರಲ್ಲಿ ಅಲ್ಲೊಂದು ಇಲ್ಲೊಂದು ಫೋಟೊ, ದಾಖಲೆ ತೆರೆದು ನೋಡಿ. ಓದಲಾಗದ ಜಾಗ ನಕಲಿನಲ್ಲಿ ಖಾಲಿಯಾಗಿ ಉಳಿದಿದ್ದರೂ ಕಡತದ ಹೆಸರು, ಗಾತ್ರ ಮಾತ್ರ ಸರಿಯಾಗಿಯೇ ಕಾಣುತ್ತವೆ.